ಅಜ್ಜಿಗೆ ಬಿಳಿ ಟೈಲ್ಸ್ ಯಾಕೆ ಬೇಕು?

ಈ ಸೆಮಿಸ್ಟರ್ ಪೂರ್ತಿ ನಮ್ಮ ಕನ್ನಡ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದೇ ರೀಲ್ ಸುತ್ತುತ್ತಾ ಇದೆ. ಬೆಂಗಳೂರಿನ ಒಬ್ಬ ಇಂಟೀರಿಯರ್ ಡಿಸೈನರ್ ತಮ್ಮ ಮನೆಯೊಳಗೆ ಓಡಾಡುತ್ತಾ, ತಮಗೆ ಅತಿ ಪ್ರಿಯವಾದ ವಸ್ತುಗಳನ್ನು ಒಂದೊಂದಾಗಿ ತೋರಿಸ್ತಾರೆ. ಬೆತ್ತದ ಕುರ್ಚಿ, ಹೂವು ತೇಲಿಬಿಟ್ಟ ಹಿತ್ತಾಳೆ ಉರುಳಿ, ಗೋಡೆಗೆ ನೇತುಹಾಕಿದ ಕೌದಿ, ಕಾಫಿ ಟೇಬಲ್ಲಿನ ಹುದ್ದೆಗೆ ಬಡ್ತಿ ಪಡೆದ ಹಳೇ ಕಬ್ಬಿಣದ ಟ್ರಂಕು. ಕೊನೆಗೆ ಕ್ಯಾಮೆರಾ ನಿಧಾನಕ್ಕೆ ಕೆಳಗಿಳಿದರೆ ಫಳಫಳ ಹೊಳೆಯುವ ಕೆಂಪು ಗಾರೆ ನೆಲ. ಹಿನ್ನೆಲೆಯಲ್ಲಿ ಕೊಳಲು ಇದ್ದೇ ಇದೆ.

ಗುಂಪು ತಕ್ಷಣ ಎರಡು ಪಕ್ಷವಾಯಿತು. ಒಂದು ಪಕ್ಷ ರೀಲನ್ನು ಸೇವ್ ಮಾಡಿಕೊಂಡು, 'ಪ್ಲೇಸ್‌ಮೆಂಟ್ ಆಗ್ಲಿ, ನಮ್ ಫ್ಲ್ಯಾಟೂ ಹೀಗೇ' ಅಂತ ಕನಸು ಕಂಡಿತು. ಇನ್ನೊಂದು ಪಕ್ಷ, 'ಇದೆಲ್ಲಾ ನಮ್ಮಜ್ಜಿ ಮನೆ ಅಟ್ಟದ ಮೇಲೆ ಧೂಳು ತಿಂತಾ ಬಿದ್ದಿದೆ ಗುರು, ಇದಕ್ಕೂ ಡಿಸೈನರ್ ಬೇಕಾ?' ಅಂತ ನಕ್ಕಿತು. ಈ ಎರಡನೇ ಪಕ್ಷಕ್ಕೆ ಹೆಚ್ಚು ಲೈಕು ಬಂದವು. ನಮ್ಮದೇ ವಸ್ತುವನ್ನು ಬೇರೆಯವರು ಹೊಗಳಿದಾಗ ಹುಟ್ಟುವ ಹೆಮ್ಮೆ ಎಷ್ಟೆಂದರೂ ಖರ್ಚಿಲ್ಲದ್ದು.

ಸಂಪಾದಕ ಬಳಗದ ನಾವು ಯಾವ ಪಕ್ಷಕ್ಕೂ ಸೇರುವುದಿಲ್ಲ. ಎರಡೂ ಪಕ್ಷದವರು ವಸ್ತುವಿನ ಮುಖ ನೋಡಿದರೇ ಹೊರತು, ಅದು ಅಲ್ಲಿಗೆ ಯಾಕೆ ಬಂತು ಅಂತ ಕೇಳಲಿಲ್ಲ. ಇಂಜಿನಿಯರಿಂಗ್ ಓದುವವರು ಕೇಳಬೇಕಾದ ಮೊದಲ ಪ್ರಶ್ನೆ ಅದು ಅಂತ ನಮ್ಮ ವಾದ. 'ಸ್ಟೈಲ್' ಅಂತ ನಾವು ಕರೆಯುವುದರ ಹಿಂದೆ ಸಾಮಾನ್ಯವಾಗಿ ಯಾರದೋ ಒಂದು ತಾಪತ್ರಯ ಇರುತ್ತೆ. ಯಾವುದೋ ಊರಿನ ಬಿಸಿಲೋ, ಮಳೆಯೋ, ಕತ್ತಲೋ, ಬಡತನವೋ ಒಂದು ಪ್ರಶ್ನೆ ಕೇಳಿತ್ತು. ಅದಕ್ಕೆ ಕಂಡುಕೊಂಡ ಉತ್ತರ ನೋಡುವುದಕ್ಕೂ ಚಂದ ಇತ್ತು. ಪ್ರಶ್ನೆ ಮರೆತುಹೋಗಿ ಬರೀ ಉತ್ತರ ಊರೂರು ತಿರುಗಲು ಶುರುಮಾಡಿದಾಗ ಅದು ಸ್ಟೈಲ್ ಆಗುತ್ತದೆ.

ಸ್ಕ್ಯಾಂಡಿನೇವಿಯನ್ ಸ್ಟೈಲನ್ನೇ ತಗೊಳ್ಳಿ. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲಂತೂ ನಮ್ಮ ಪೈಕಿ ಅರ್ಧ ಜನ ಮೆಟ್ರೋ ಹತ್ತಿ ಹೋಗಿ ನೋಡಿಕೊಂಡು ಬಂದಿದ್ದಾರೆ. ಬಿಳಿ ಗೋಡೆ, ತಿಳಿ ಬಣ್ಣದ ಮರ, ದೊಡ್ಡ ಕಿಟಕಿ, ಪರದೆ ಇದ್ದೂ ಇಲ್ಲದ ಹಾಗೆ. ಆದರೆ ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರಿನ ಹಗಲು ಸುಮಾರು ಆರೇ ಗಂಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಸೂರ್ಯ ಡ್ಯೂಟಿ ಮುಗಿಸಿ ಹೊರಟಿರುತ್ತಾನೆ. ಅಂಥ ಊರಿನಲ್ಲಿ ಒಳಗೆ ಬಂದ ಒಂದಿಷ್ಟು ಬೆಳಕನ್ನು ಗೋಡೆಯಿಂದ ಗೋಡೆಗೆ ಪುಟಿಸಿ ಉಳಿಸಿಕೊಳ್ಳುವುದೇ ಮನೆಯ ಕೆಲಸ. ಬಿಳಿ ಬಣ್ಣ ಅಲ್ಲಿ ಬೆಳಕಿನ ಉಳಿತಾಯ ಖಾತೆ ಇದ್ದ ಹಾಗೆ. ಅದೇ ವಿನ್ಯಾಸವನ್ನು ಏಪ್ರಿಲ್ ತಿಂಗಳ ಬಳ್ಳಾರಿಗೆ ತಂದು, ಪಶ್ಚಿಮಕ್ಕೆ ಎಂಟಡಿ ಗಾಜಿನ ಕಿಟಕಿ ಇಟ್ಟರೆ ಏನಾಗುತ್ತೆ ಅಂತ ಮೆಕ್ಯಾನಿಕಲ್‌ನವರನ್ನು ಕೇಳಿ. ಹೀಟ್ ಟ್ರಾನ್ಸ್‌ಫರ್ ಪೇಪರ್ ಬರೆದಿದ್ದಾರಲ್ಲ, ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳ್ತಾರೆ.

ಇಂಥ ಪ್ರಶ್ನೆ ಮರೆತ ಉತ್ತರದ ಅತಿ ತಮಾಷೆಯ ಕತೆ ಒಂದು ಕುರ್ಚಿಯದು. ವಿದೇಶದ ಡಿಸೈನರ್‌ಗಳ ಮೆಚ್ಚಿನ ಪಟ್ಟಿಗಳಲ್ಲಿ 'ಚಂಡೀಗಢ ಕುರ್ಚಿ' ಅನ್ನೋದು ಪದೇ ಪದೇ ಬರುತ್ತೆ. ತೇಗದ ಮರ, ಪಕ್ಕದಿಂದ ನೋಡಿದರೆ ಇಂಗ್ಲಿಷಿನ ತಲೆಕೆಳಗಾದ ವಿ ಆಕಾರದ ಕಾಲು, ಬೆನ್ನಿಗೂ ಕೂರುವಲ್ಲಿಗೂ ಬೆತ್ತದ ಹೆಣಿಗೆ. ಚಂಡೀಗಢ ನಗರವನ್ನು ಕಟ್ಟುವಾಗ ಲೆ ಕಾರ್ಬೂಸಿಯೆ ಜೊತೆ ಬಂದ ಅವರ ಸೋದರಸಂಬಂಧಿ ಪಿಯರ್ ಜನ್ನರೆ 1965ರವರೆಗೆ ಅಲ್ಲೇ ಉಳಿದು ಕೆಲಸ ಮಾಡಿದರು. ಕಚೇರಿ, ಕೋರ್ಟು, ಯೂನಿವರ್ಸಿಟಿಗಳಿಗೆ ರಾಶಿ ರಾಶಿ ಪೀಠೋಪಕರಣ ಬೇಕಿತ್ತು. ಸ್ಥಳೀಯ ಬಡಗಿಗಳಿಗೆ ಮಾಡಲು ಬರಬೇಕು, ಹುಳ ತಿನ್ನಬಾರದು, ಉತ್ತರದ ಬೇಸಿಗೆಯಲ್ಲಿ ಬೆನ್ನಿಗೆ ಗಾಳಿಯಾಡಬೇಕು. ಹಾಗಾಗಿ ತೇಗ, ಹಾಗಾಗಿ ಬೆತ್ತ. ದಶಕಗಳ ಕಾಲ ವಿದ್ಯಾರ್ಥಿಗಳೂ ಗುಮಾಸ್ತರೂ ಅದರ ಮೇಲೆ ಕೂತು, ಕಾಲು ಅಲ್ಲಾಡಿಸಿ, ಹೆಸರು ಕೆತ್ತಿ, ಮುರಿದು ಹಾಕಿದರು. ಬೆತ್ತ ಹರಿದವು ಮಾಳಿಗೆಯ ಮೇಲೆ, ಶೆಡ್ಡಿನ ಹಿಂದೆ ರಾಶಿ ಬಿದ್ದವು. ಸರ್ಕಾರಿ ಹರಾಜಿನಲ್ಲಿ ಗುಜರಿ ಬೆಲೆಗೆ ಹೋದವು. ಕೊಂಡವರಲ್ಲಿ ವಿದೇಶಿ ವ್ಯಾಪಾರಿಗಳಿದ್ದರು. ಅವರು ಒಯ್ದು, ತಿಕ್ಕಿ ತೊಳೆದು, ಹೊಸ ಬೆತ್ತ ಹೆಣೆಸಿ, ಪ್ಯಾರಿಸ್ ನ್ಯೂಯಾರ್ಕ್‌ಗಳ ಹರಾಜಿನಲ್ಲಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪೀಠೋಪಕರಣಗಳ ಮಾರಾಟವನ್ನು ತಡೆಯುವ ಆದೇಶ ಹೊರಡಿಸುವ ಹೊತ್ತಿಗೆ ಎಷ್ಟೋ ಕುರ್ಚಿಗಳು ಸಮುದ್ರ ದಾಟಿ ಆಗಿತ್ತು. ಈಗ ಏಸಿ ಹಾಕಿದ ಯಾವುದೋ ಬಂಗಲೆಯಲ್ಲಿ, ಬೆನ್ನೇ ಬೆವರದ ಜನರ ಕೆಳಗೆ ಅದು ಕೂತಿದೆ. ಅದರ ಬೆತ್ತಕ್ಕೆ ಮಾಡಲು ಕೆಲಸವೇ ಇಲ್ಲ.

ನಮ್ಮ ಕ್ಯಾಂಪಸ್ಸಿನ ವರ್ಕ್‌ಶಾಪ್ ಹಿಂದಿನ ಶೆಡ್ಡಿನಲ್ಲಿ ಬಿದ್ದಿರುವ ಮರದ ಸ್ಟೂಲುಗಳು ನಾಳೆ ಕೋಟಿ ಬಾಳುತ್ತವೆ ಅಂತ ನಾವು ಹೇಳುತ್ತಿಲ್ಲ. ಬಾಳಲ್ಲ. ಆದರೆ ಎಸೆಯುವ ಕೈಗೆ ತಾನು ಏನನ್ನು ಎಸೀತಿದೀನಿ ಅಂತ ಗೊತ್ತಿರಲಿಲ್ಲ ಅನ್ನೋದು ಮಾತ್ರ ಯೋಚಿಸುವಂಥದ್ದು.

ವಸ್ತುವನ್ನು ನೋಡುವುದು ಹೇಗೆ ಅಂತ ಕಲಿಸಿದ ಒಂದು ಜೋಡಿ ಇದೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್. ಗಂಡ ಹೆಂಡತಿ ಇಬ್ಬರೂ ವಿನ್ಯಾಸಕಾರರು. 1949ರಲ್ಲಿ ಲಾಸ್ ಏಂಜಲೀಸ್ ಬಳಿ ತಮಗಾಗಿ ಕಟ್ಟಿಕೊಂಡ ಮನೆಗೆ ಬಳಸಿದ್ದು ಫ್ಯಾಕ್ಟರಿಯಲ್ಲಿ ರೆಡಿಮೇಡ್ ಸಿಗುವ ಉಕ್ಕಿನ ಚೌಕಟ್ಟು, ಕಿಟಕಿ. ಸಿವಿಲ್‌ನವರು ನೋಡಿದರೆ ಗೋದಾಮು ಅಂತಾರೆ. ಒಳಗೆ ಮಾತ್ರ ದೇಶದೇಶದ ಜನಪದ ಆಟಿಕೆ, ಬುಟ್ಟಿ, ಬಟ್ಟೆ, ಚಿಪ್ಪು, ಕಲ್ಲು. ಭಾರತ ಸರ್ಕಾರ ಇವರನ್ನು ಕರೆಸಿ ಇಲ್ಲಿನ ವಿನ್ಯಾಸದ ಬಗ್ಗೆ ವರದಿ ಕೇಳಿತು. 1958ರ ಆ ವರದಿಯಲ್ಲಿ ಅವರು ಮನಸ್ಸು ಸೋತಿದ್ದು ಅರಮನೆಗೂ ಅಲ್ಲ, ಗೋಪುರಕ್ಕೂ ಅಲ್ಲ, ನೀರಿನ ಲೋಟಾಕ್ಕೆ, ನಮ್ಮ ಮನೆಯ ತಂಬಿಗೆಗೆ. ಒಂದು ತಂಬಿಗೆ ಮಾಡಬೇಕಾದರೆ ಎಷ್ಟೆಲ್ಲ ಯೋಚಿಸಬೇಕು ಅಂತ ಅವರು ಸಾಲಾಗಿ ಪ್ರಶ್ನೆ ಹಾಕುತ್ತಾ ಹೋಗುತ್ತಾರೆ. ಎಷ್ಟು ನೀರು ಹಿಡೀಬೇಕು, ಹೊರುವವರ ಕೈ ಎಷ್ಟು ದೊಡ್ಡದು, ತುಂಬಿದಾಗ ತೂಕದ ಸಮತೋಲ ಎಲ್ಲಿ, ಖಾಲಿ ಇದ್ದಾಗ ಎಲ್ಲಿ, ಸುರಿಯುವಾಗ ಧಾರೆ ಹೇಗೆ, ತೊಳೆಯೋಕೆ ಬರುತ್ತಾ, ಮುಟ್ಟಿದರೆ ಹೇಗನಿಸುತ್ತೆ, ತಾಗಿದರೆ ಸದ್ದು ಹೇಗೆ ಬರುತ್ತೆ. ಯಾವನೋ ಒಬ್ಬ ಕೂತು ಇದನ್ನು ಡಿಸೈನ್ ಮಾಡಿಲ್ಲ, ತಲೆಮಾರುಗಟ್ಟಲೆ ಕೈಗಳು ಮಾಡಿವೆ ಅನ್ನುವುದು ಅವರ ತಾತ್ಪರ್ಯ. ಈ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು. ನಾವು ಡಿಸೈನ್ ಥಿಂಕಿಂಗ್ ಅಂತ ಒಂದು ಕ್ರೆಡಿಟ್‌ನ ವಿಷಯ ಓದಿ ಪಾಸಾಗುತ್ತೀವಲ್ಲ, ಅದರ ಪೂರಾ ಸಿಲೆಬಸ್ಸು ಆ ತಂಬಿಗೆಯೊಳಗಿದೆ.

ಸರಿ, ಹಾಗಾದರೆ ನಿಮ್ಮ ಮೆಚ್ಚಿನವು ಯಾವುವು ಹೇಳಿ ನೋಡೋಣ ಅಂದರೆ, ಹೇಳುತ್ತೇವೆ. ಚಂದಕ್ಕಿಂತ ಮುಂಚೆ ಕಾರಣ ನೋಡಿ ಆರಿಸಿದ್ದು.

ಮೊದಲನೆಯದು ಆ ಕೆಂಪು ನೆಲವೇ. ಅದರ ಬಗ್ಗೆ ರೀಲ್‌ಗಳಲ್ಲಿ ಓಡಾಡುವ ಅರ್ಧ ಮಾತು ಸುಳ್ಳು. 'ಕೆಂಪು ಗಾರೆ ಮನೆಯನ್ನು ತಂಪಾಗಿಡುತ್ತೆ' ಅಂತಾರೆ. ರೆಡ್ ಆಕ್ಸೈಡ್ ಅಂದರೆ ಕಬ್ಬಿಣದ ಆಕ್ಸೈಡು, ಸರಳವಾಗಿ ಹೇಳಿದರೆ ತುಕ್ಕಿನ ನೆಂಟ. ಅದಕ್ಕೆ ತಂಪು ಮಾಡುವ ಯಾವ ಮಾಯೆಯೂ ಇಲ್ಲ. ಅಜ್ಜಿ ಮನೆಯ ನೆಲ ತಣ್ಣಗಿರುವುದು ಅದು ನೇರವಾಗಿ ಭೂಮಿಗೆ ತಾಗಿಕೊಂಡಿರುವುದರಿಂದ, ಮೇಲೆ ಎತ್ತರದ ಸೂರು ಇರುವುದರಿಂದ. ಅದೇ ಗಾರೆಯನ್ನು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಹಾಕಿಸಿ ತಂಪು ಕಾಯುತ್ತಾ ಕೂತರೆ ಬೆವರೇ ಗತಿ.

ನಮಗೆ ಅದು ಇಷ್ಟವಾಗುವುದು ಬೇರೆ ಕಾರಣಕ್ಕೆ. ಅದು ಪೂರ್ತಿ ಕೈಗೆಲಸ. ಕೆಳಗೆ ಗಟ್ಟಿ ಕಾಂಕ್ರೀಟು, ಅದರ ಮೇಲೆ ಸಿಮೆಂಟು ಮರಳಿನ ಪದರ, ಅದು ಹಸಿಯಾಗಿರುವಾಗಲೇ ಸಿಮೆಂಟು ಬಣ್ಣದ ಪುಡಿ ಕಲಸಿದ ತೆಳು ಪದರ. ಆಮೇಲೆ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಕರಣೆಯಿಂದ ತಿಕ್ಕುತ್ತಾ ತಿಕ್ಕುತ್ತಾ ಹಿಂದಕ್ಕೆ ಸರಿಯಬೇಕು. ಬೇಗ ತಿಕ್ಕಿದರೆ ನೀರು ಮೇಲೆ ಬಂದು ಮೈ ಸಪ್ಪೆಯಾಗುತ್ತೆ, ತಡ ಮಾಡಿದರೆ ಗಟ್ಟಿಯಾಗಿ ಕರಣೆಯ ಗೀರು ಉಳಿಯುತ್ತೆ. ಒಂದು ಕೋಣೆ ಶುರು ಮಾಡಿದರೆ ಅದೇ ದಿನ ಮುಗಿಸಬೇಕು, ನಾಳೆಗೆ ಬಿಟ್ಟರೆ ಬಣ್ಣದ ಕಲಸಿನಲ್ಲಿ ಒಂದು ಛಾಯೆ ವ್ಯತ್ಯಾಸ ಬಂದು ಸೇರಿದ ಜಾಗ ಜೀವಮಾನವಿಡೀ ಕಾಣುತ್ತೆ. ಸಿಮೆಂಟು ಒಣಗುವಾಗ ಕುಗ್ಗುತ್ತೆ, ಹಾಗಾಗಿ ದೊಡ್ಡ ಕೋಣೆಯಲ್ಲಿ ಗೆರೆ ಎಳೆದು ಭಾಗ ಮಾಡುತ್ತಾರೆ, ಬಿರುಕು ಬರುವುದಿದ್ದರೆ ಆ ಗೆರೆಯಲ್ಲೇ ಬರಲಿ ಅಂತ. ಅಜ್ಜಿ ಮನೆ ನೆಲದ ಚೌಕ ಚೌಕದ ಗೆರೆಗಳನ್ನು ಅಲಂಕಾರ ಅಂದುಕೊಂಡು ಕುಂಟಬಿಲ್ಲೆ ಆಡಿದ್ದೇವಲ್ಲ, ಅದು ಕಾಂಟ್ರಾಕ್ಷನ್ ಜಾಯಿಂಟು ಮಾರಾಯ್ರೆ! ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್. ಮತ್ತೆ ಹತ್ತಾರು ವರ್ಷ ಬರಿಗಾಲಿನ ಓಡಾಟ, ಒದ್ದೆ ಬಟ್ಟೆಯ ಒರೆತ. ಬಳಸಿದಷ್ಟೂ ಹೊಳಪು ಏರುವ ವಸ್ತುಗಳು ಮನೆಯಲ್ಲಿ ಎಷ್ಟಿವೆ ಲೆಕ್ಕ ಹಾಕಿ.

ದೋಷವೂ ಇದೆ. ಕೂದಲೆಳೆ ಬಿರುಕು ಬಂದೇ ಬರುತ್ತೆ. ನಿಂಬೆಹುಳಿ ಚೆಲ್ಲಿ ಹಾಗೇ ಬಿಟ್ಟರೆ ಆಮ್ಲ ಸಿಮೆಂಟನ್ನು ತಿಂದು ಮಚ್ಚೆ ಉಳಿಯುತ್ತೆ. ಎಲ್ಲಕ್ಕಿಂತ ದೊಡ್ಡ ತೊಡಕು, ಅದನ್ನು ಸರಿಯಾಗಿ ಮಾಡಬಲ್ಲ ಮೇಸ್ತ್ರಿಗಳಿಗೆ ವಯಸ್ಸಾಗಿದೆ, ಅವರ ಮಕ್ಕಳು ಟೈಲ್ಸ್ ಕೆಲಸಕ್ಕೆ ಹೋಗುತ್ತಾರೆ. ಯಾಕಂದರೆ ಟೈಲ್ಸ್‌ನಲ್ಲಿ ಚದರಡಿಗೆ ಇಷ್ಟು ಅಂತ ಬೇಗ ಕೈಗೆ ದುಡ್ಡು ಬರುತ್ತೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಾವೂ ಪ್ಯಾಕೇಜ್ ನೋಡಿಯೇ ಕಂಪನಿ ಆರಿಸೋದು.

ಎರಡನೆಯದು ಕೌದಿ. ಉತ್ತರ ಕರ್ನಾಟಕದ ನಮ್ಮ ಗೆಳೆಯರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ, ಅವರ ಹಾಸ್ಟೆಲ್ ಬ್ಯಾಗಿನಲ್ಲೇ ಇರುತ್ತೆ. ಅವ್ವನ ಹಳೇ ಸೀರೆ, ಅಪ್ಪನ ಧೋತರ, ತಂಗಿಯ ಲಂಗದ ತುಂಡು, ಎಲ್ಲವನ್ನೂ ಪದರ ಪದರ ಇಟ್ಟು ಸಣ್ಣ ಸಣ್ಣ ಹೊಲಿಗೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು, ಬಟ್ಟೆ ನೆಪ ಮಾತ್ರ. ಆ ಸಾಲು ಹೊಲಿಗೆಯ ಜಾಣತನ ನೋಡಿ: ಹಳೇ ಬಟ್ಟೆ ಎಲ್ಲೋ ಹರಿಯಲು ಶುರುವಾದರೂ ಮುಂದಿನ ಹೊಲಿಗೆ ಸಾಲಿನಲ್ಲಿ ಅದು ನಿಲ್ಲುತ್ತೆ. ಬಿರುಕು ಹಬ್ಬದಂತೆ ತಡೆಯುವುದನ್ನು ನಾವು ಫ್ರಾಕ್ಚರ್ ಮೆಕ್ಯಾನಿಕ್ಸ್‌ನಲ್ಲಿ ಓದುವುದಕ್ಕೆ ಬಹಳ ಮುಂಚೆ ಅವ್ವಂದಿರ ಸೂಜಿಗೆ ಅದು ಗೊತ್ತಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರು ಇದನ್ನೇ ಕವಂದಿ ಅಂತ ಹೊಲಿಯುತ್ತಾರೆ. ಅವರದು ಅಂಚಿನಿಂದ ಶುರುವಾಗಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಯುವ ಹೊಲಿಗೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಮಾಡಿದ ಹೂವು ಬೀಳದೆ ಕವಂದಿ ಮುಗಿದಂತಲ್ಲ. ಇವು ಅಮೆರಿಕದ ಪ್ರದರ್ಶನಗಳಲ್ಲೂ ತೂಗಿವೆ. ನಮಗೆ ಒಂದೇ ತಕರಾರು: ಗೋಡೆಗೆ ತೂಗುಹಾಕುವುದಕ್ಕೇ ಅಂತ ಹೊಸ ಬಟ್ಟೆ ಕತ್ತರಿಸಿ ತುಂಡು ಮಾಡಿ, ಅದನ್ನು ಮತ್ತೆ ಹೊಲಿದು 'ಪ್ಯಾಚ್‌ವರ್ಕ್' ಅಂತ ಮಾರುವುದು. ಅದಕ್ಕಿಂತ ವಿಚಿತ್ರವಾದ ಕೆಲಸ ಉಂಟೇ?

ಬೀದರಿನ ಬಿದ್ರಿ ಕೆಲಸವನ್ನು ನಮ್ಮ ಕೆಮಿಕಲ್ ವಿಭಾಗದ ಗೆಳೆಯರ ಒತ್ತಾಯಕ್ಕೆ ಸೇರಿಸಿದ್ದೇವೆ. ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ ಸೇರಿದ ಮಿಶ್ರಲೋಹದ ಹೂಜಿಗೋ ತಟ್ಟೆಗೋ ಗೀರು ಕೆತ್ತಿ, ಅದರಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಹಳೇ ಜಾಗಗಳ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಕಲಸಿ ಬಿಸಿ ಮಾಡಿ ಹಚ್ಚಿದರೆ, ಲೋಹ ಮಸಿಗಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಒಂದೇ ಲೇಪ, ಎರಡು ಲೋಹ, ಎರಡು ಉತ್ತರ. ಸರಿಯಾದ ಮಣ್ಣು ಯಾವುದು ಅಂತ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಯಾರೂ ಪ್ರಯತ್ನಿಸಬೇಡಿ. ಚನ್ನಪಟ್ಟಣದ ಕತೆಯೂ ಹೀಗೇ ಇದೆ. ಹಾಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಹತ್ತುತ್ತೆ. ಕುಂಚವಿಲ್ಲ, ಒಲೆ ಇಲ್ಲ. ಆಟಿಕೆಗಳು ಎಲ್ಲರಿಗೂ ಗೊತ್ತು. ನಮಗೆ ಅದಕ್ಕಿಂತ ಇಷ್ಟ ಅಲ್ಲಿನ ಬಾಗಿಲ ಹಿಡಿ, ಡ್ರಾಯರಿನ ಗುಬಟು. ದಿನಕ್ಕೆ ಹತ್ತು ಸಲ ಕೈ ತಾಗುವ ಜಾಗದಲ್ಲಿ ಇರಲಿ ಬಣ್ಣ, ಶೋಕೇಸಿನಲ್ಲಿ ಬೀಗ ಹಾಕಿಕೊಂಡು ಕೂರುವುದಕ್ಕಿಂತ.

ಇಷ್ಟವಾಗದ್ದೂ ಇದೆ, ಬೇಗ ಹೇಳಿ ಮುಗಿಸುತ್ತೇವೆ. ಇಟ್ಟಿಗೆ ಗೋಡೆಯ ಹಾಗೆ ಕಾಣುವ ವಾಲ್‌ಪೇಪರು. ಬೆಳೆದ ಊರು ಯಾವುದೋ ಗೊತ್ತಿಲ್ಲದ ಪಂಪಾಸ್ ಹುಲ್ಲು (ನಮ್ಮೂರಿನ ಕೆರೆ ದಂಡೆಯ ದರ್ಭೆಗೆ ಏನು ಕಡಿಮೆಯಾಗಿತ್ತು?). ಇಳಿಜಾರಾಗಿ ಕಾಂಕ್ರೀಟ್ ಸ್ಲ್ಯಾಬ್ ಹಾಕಿ ಅದರ ಮೇಲೆ ಮಂಗಳೂರು ಹಂಚು ಅಂಟಿಸುವುದು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಹಂಚು ದೇಶ ಸುತ್ತಿದ್ದು ಅದು ಹಗುರಾಗಿ ಒಂದಕ್ಕೊಂದು ಕೊಂಡಿಯಾಗಿ ಕೂತು, ಮಳೆ ಹೊರಗಿಟ್ಟು, ಸಂದಿನಿಂದ ಬಿಸಿಗಾಳಿ ಹೊರಹೋಗಲು ಬಿಡುತ್ತಿದ್ದ ಕಾರಣಕ್ಕೆ. ಸ್ಲ್ಯಾಬಿನ ಮೇಲೆ ಕೂತ ಹಂಚು ಟೋಪಿಯ ಮೇಲೊಂದು ಟೋಪಿ. ಇನ್ನು ತೊಟ್ಟಿಮನೆ ಆಸೆಗೆ 30-40 ಸೈಟಿನ ನಡುವೆ ತೊಟ್ಟಿ ಮಾಡಿ, ಕೋತಿ ಬರುತ್ತೆ ಮಳೆ ಬರುತ್ತೆ ಅಂತ ಅದರ ಮೇಲೆ ಗಾಜು ಮುಚ್ಚಿಬಿಡುವುದು. ತೊಟ್ಟಿ ಕೆಲಸ ಮಾಡುವುದೇ ಆಕಾಶಕ್ಕೆ ಬಾಯಿ ತೆರೆದಿರುವುದರಿಂದ. ಬಿಸಿಗಾಳಿ ಮೇಲೆ ಹೋಗಬೇಕು, ರಾತ್ರಿ ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡಬೇಕು. ಗಾಜು ಮುಚ್ಚಿದರೆ ಅದು ಹಪ್ಪಳ ಒಣಗಿಸಲು ಒಳ್ಳೇ ಜಾಗ, ಅಷ್ಟೇ.

ಹಿತ್ತಾಳೆ ಉರುಳಿಯ ಬಗ್ಗೆ ನಮ್ಮ ಬಳಗದಲ್ಲಿ ದೊಡ್ಡ ಜಗಳವೇ ಆಯಿತು. ಚಂದ ಇದೆ, ಒಪ್ಪಿದೆವು. ಆದರೆ ನಮ್ಮ ಬಳಗದ ಹುಡುಗಿಯರು ಒಂದು ಪ್ರಶ್ನೆ ಕೇಳಿದರು: ಅದನ್ನು ತಿಕ್ಕುವವರು ಯಾರು? ಹಿತ್ತಾಳೆ ಗಾಳಿಗೆ ಕಪ್ಪಾಗುತ್ತೆ, ಹುಣಸೆಹಣ್ಣಿನ ಆಮ್ಲದಲ್ಲಿ ಆ ಕಪ್ಪು ಕರಗುತ್ತೆ, ರಸಾಯನಶಾಸ್ತ್ರ ಎಲ್ಲಾ ಸರಿ. ಆದರೆ ಹಬ್ಬದ ಹಿಂದಿನ ದಿನ ಹಿತ್ತಲಲ್ಲಿ ಕೂತು ಇಪ್ಪತ್ತು ಪಾತ್ರೆ ತಿಕ್ಕಿ ಬೆರಳು ಸುಕ್ಕುಗಟ್ಟಿಸಿಕೊಳ್ಳುವುದು ಅಮ್ಮ. ರೀಲ್‌ನಲ್ಲಿ ಉರುಳಿ ಕಾಣುತ್ತೆ, ಹುಣಸೆಹಣ್ಣು ಕಾಣಲ್ಲ. ಹಾಗಾಗಿ ನಮ್ಮ ಪಟ್ಟಿಗೆ ಉರುಳಿ ಸೇರಲಿಲ್ಲ. ತಿಕ್ಕಲು ತಯಾರಿರುವವರು ಧಾರಾಳವಾಗಿ ಇಟ್ಟುಕೊಳ್ಳಿ.

ಈಗ ತಲೆಬರಹದ ಅಜ್ಜಿಯ ವಿಷಯ. ಇಷ್ಟೆಲ್ಲ ನಾವು ಬರೆಯುತ್ತಿರುವುದೇ ಅವರಿಂದ.

ನಮ್ಮ ಬಳಗದ ಸಿವಿಲ್ ಆರನೇ ಸೆಮಿಸ್ಟರಿನ ಗೆಳೆಯನೊಬ್ಬನ ಊರು ತಿಪಟೂರು ಕಡೆ. ಹಂಚಿನ ಮನೆ, ನಡುಮನೆಗೆ ಕೆಂಪು ಗಾರೆ ನೆಲ. ಕೊಬ್ಬರಿಗೆ ಈ ಸಲ ಒಳ್ಳೇ ರೇಟು ಸಿಕ್ಕಿದೆ, ನೆಲ ಒಡೆದು ಟೈಲ್ಸ್ ಹಾಕಿಸೋಣ ಅಂತ ಅವರಪ್ಪ ನಿರ್ಧಾರ ಮಾಡಿ ಫೋನ್ ಮಾಡಿದರು: 'ನೀನು ಇಂಜಿನಿಯರಿಂಗ್ ಓದ್ತಿದೀಯಲ್ಲಪ್ಪ, ಯಾವ ಟೈಲ್ಸ್ ಒಳ್ಳೇದು ಹೇಳು.' ಇದು ಅವನೊಬ್ಬನ ಕತೆಯಲ್ಲ. ನಮ್ಮಲ್ಲಿ ಯಾವ ಬ್ರ್ಯಾಂಚಿನಲ್ಲಿ ಓದುತ್ತಿದ್ದರೂ, ಊರಿನಲ್ಲಿ ಮನೆ ಕಟ್ಟುವಾಗ ಒಡೆಯುವಾಗ ಈ ಫೋನು ಬಂದೇ ಬರುತ್ತೆ. ಕಂಪ್ಯೂಟರ್ ಸೈನ್ಸಿನವರನ್ನೂ ಟೈಲ್ಸ್ ಕೇಳುತ್ತಾರೆ. ಅಪ್ಪಂದಿರ ಕಣ್ಣಿಗೆ ಇಂಜಿನಿಯರ್ ಅಂದರೆ ಇಂಜಿನಿಯರ್.

ಗೆಳೆಯ ವೀರಾವೇಶದಲ್ಲಿ ಊರಿಗೆ ಹೋದ. ರೀಲ್ ತೋರಿಸಿದ, ಬೆಂಗಳೂರಿನವರು ಲಕ್ಷ ಕೊಟ್ಟು ಈ ನೆಲ ಹಾಕಿಸ್ತಾರೆ ಅಂದ. ಅಪ್ಪ ಅರ್ಧ ಒಪ್ಪಿದರು. ಒಪ್ಪದೇ ಇದ್ದದ್ದು ಅಜ್ಜಿ. 'ಸಗಣಿ ಸಾರಿಸಿದ್ದೂ ನಾನೇ, ಆಮೇಲೆ ಈ ಗಾರೆ ಒರೆಸಿದ್ದೂ ನಾನೇ. ಈಗ ಬೆಳ್ಳಗಿರೋ ಟೈಲ್ಸ್ ಬೇಕು ಅಂದ್ರೆ ನಿನಗ್ಯಾಕಪ್ಪ ಹೊಟ್ಟೆನೋವು?' ಅಂದರಂತೆ. ಈ ಮಾತಿಗೆ ನಮ್ಮ ಎರಡನೇ ಪಕ್ಷದ ಹತ್ತಿರ ಉತ್ತರ ಇದೆಯಾ? 'ಅಜ್ಜಿ ಮನೆ' ಅಂತ ಹೆಮ್ಮೆ ಪಡುವಾಗ ಅಜ್ಜಿಯನ್ನೇ ಕೇಳಿರುವುದಿಲ್ಲ.

ಅವನು ಅಲ್ಲಿಗೇ ಬಿಡದೆ ಕೂತು ಕೇಳಿದ, ಬಿಳೀದೇ ಯಾಕೆ ಅಂತ. ಅಜ್ಜಿಗೆ ಕಣ್ಣು ಮಂಜಾಗಿದೆ. ನಡುಮನೆಗೆ ಇರುವುದು ಒಂದೇ ಸಣ್ಣ ಕಿಟಕಿ. ಹಗಲಲ್ಲೂ ಕೆಂಪು ನೆಲದ ಮೇಲೆ ಬಿದ್ದ ಕಡಲೆಕಾಳು ಕಾಣಲ್ಲ, ಹೊಸ್ತಿಲು ಕಾಣದೆ ಒಮ್ಮೆ ಎಡವಿದ್ದಾರೆ. ಪಕ್ಕದ ಮನೆಯಲ್ಲಿ ಬಿಳಿ ಟೈಲ್ಸ್ ಹಾಕಿಸಿದ ಮೇಲೆ ಒಳಗೆ ಬೆಳಕಾಗಿದೆ, ಅದು ಅವರ ಕಣ್ಣಿಗೆ ಬಿದ್ದಿದೆ. ಅಂದರೆ ಅಜ್ಜಿಗೆ ಬೇಕಿದ್ದದ್ದು ಟೈಲ್ಸ್ ಅಲ್ಲ, ಬೆಳಕು. ಸ್ಟಾಕ್‌ಹೋಮ್‌ನವರು ಕೇಳಿದ್ದನ್ನೇ ತಿಪಟೂರಿನ ಅಜ್ಜಿಯೂ ಕೇಳುತ್ತಿದ್ದರು, ಬಿಳಿ ಬಣ್ಣವೇ ಅದಕ್ಕೆ ಉತ್ತರ ಅಂತ ಅವರೂ ಕಂಡುಕೊಂಡಿದ್ದರು. ಅಂಥವರಿಗೆ 'ಅಭಿರುಚಿ' ಇಲ್ಲ ಅಂತ ಯಾವ ಡಿಸೈನರ್ ಹೇಳಬಲ್ಲರು?

ಪ್ರಶ್ನೆ ಬೆಳಕಿನದು ಅಂತ ಗೊತ್ತಾದ ಮೇಲೆ ದಾರಿ ಬೇಕಾದಷ್ಟಿತ್ತು. ಹಂಚಿನ ಸೂರಿನಲ್ಲಿ ನಾಲ್ಕು ಹಂಚು ತೆಗೆದು ಅದೇ ಅಳತೆಯ ಗಾಜಿನ ಹಂಚು ಕೂರಿಸಿದರು. ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿಸಿದರು. ಹೊಸ್ತಿಲ ಅಂಚಿಗೆ ಹಳದಿ ಬಣ್ಣದ ಒಂದು ಪಟ್ಟಿ. ಬಚ್ಚಲಿಗೆ ಮಾತ್ರ ಟೈಲ್ಸು, ಅದೂ ಕಾಲು ಜಾರದ ಒರಟು ಮೈಯದ್ದು. ಅಲ್ಲಿ ಗಾರೆಗಿಂತ ಅದೇ ಸರಿ, ಒದ್ದೆಯಾದ ನುಣುಪು ಗಾರೆ ಯಾರನ್ನೂ ಬಿಡಲ್ಲ. ಎಲ್ಲ ಸೇರಿದರೂ ನಡುಮನೆ ಒಡೆದು ಟೈಲ್ಸ್ ಹಾಕಿಸುವ ಖರ್ಚಿಗಿಂತ ಬಹಳ ಕಡಿಮೆ. ಹೊತ್ತೇರಿದಾಗ ಈಗ ಕೆಂಪು ನೆಲದ ಮೇಲೆ ಬಿಸಿಲಿನ ನಾಲ್ಕು ಚೌಕ ಬೀಳುತ್ತವೆ, ಅಜ್ಜಿ ಮೊರ ಹಿಡಿದು ಅಲ್ಲೇ ಬಂದು ಕೂರುತ್ತಾರೆ ಅಂತ ಫೋಟೋ ಕಳಿಸಿದ್ದ. ಟೈಲ್ಸಿನ ಬೇಡಿಕೆಯನ್ನು ಅಜ್ಜಿ ಪೂರ್ತಿ ಕೈಬಿಟ್ಟಿಲ್ಲ. ಒಂದು ಮಳೆಗಾಲ ನೋಡ್ತೀನಿ, ಸೋರಿದರೆ ಟೈಲ್ಸೇ ಅಂದಿದ್ದಾರೆ. ಅವರ ಮನೆ, ಅವರ ಮಾತು.

ನಮ್ಮ ಹಾಸ್ಟೆಲ್ ಕೋಣೆಗೂ ಇದೇ ರೀತಿ ಒಂದು ಪ್ರಶ್ನೆ ಕೇಳಿ ನೋಡಿ. ಮೂರು ಮಂಚ, ಮೂರು ಮೇಜು, ಒಂದು ಫ್ಯಾನು. ಆನ್‌ಲೈನಿನಲ್ಲಿ ತರಿಸಿದ ಬಣ್ಣ ಬದಲಿಸುವ ಎಲ್‌ಇಡಿ ಪಟ್ಟಿ ಗೋಡೆಗೆ ಅಂಟಿಸಿದರೆ ಕೋಣೆ ಮೊಬೈಲ್ ಅಂಗಡಿ ಥರ ಕಾಣುತ್ತೆ, ಓದಲೂ ಬರಲ್ಲ, ಮಲಗಲೂ ಬರಲ್ಲ. ನಮ್ಮ ಕೋಣೆಯ ನಿಜವಾದ ಕಷ್ಟ ಎರಡು. ಒಂದು, ಆಸ್ಪತ್ರೆ ವಾರ್ಡಿನಂಥ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟು. ರಾತ್ರಿ ಒಬ್ಬ ಓದಬೇಕಾದರೆ ಇಬ್ಬರ ನಿದ್ದೆ ಹಾಳು. ಮೇಜಿಗೊಂದು ತಲೆ ಬಗ್ಗಿಸುವ ದೀಪ, ಅದಕ್ಕೆ ಡಬ್ಬದ ಮೇಲೆ 2700 ಅಥವಾ 3000 ಕೆಲ್ವಿನ್ ಅಂತ ಬರೆದ ಬಲ್ಬು. ಅರ್ಧ ಜಗಳ ಅಲ್ಲಿಗೆ ಮುಗಿಯುತ್ತೆ. ಎರಡನೆಯದು ಸದ್ದು. ಬರೀ ಗೋಡೆ, ಬರೀ ನೆಲ, ಮಾತಾಡಿದರೆ ಡಬ್ಬದೊಳಗೆ ಮಾತಾಡಿದ ಹಾಗೆ. ಆನ್‌ಲೈನ್ ಇಂಟರ್‌ವ್ಯೂ ಕೊಟ್ಟವರಿಗೆ ಗೊತ್ತು. ಇದಕ್ಕೆ ಗೋಡೆಗೆ ಒಂದು ದಪ್ಪ ಕೌದಿ ತೂಗುಹಾಕಿ. ಗೋಡೆಯಿಂದ ಎರಡು ಬೆರಳು ಅಂತರ ಬಿಟ್ಟು ಹಾಕಿದರೆ ಇನ್ನೂ ಚೆನ್ನಾಗಿ ಸದ್ದು ನುಂಗುತ್ತೆ. ಚಳಿಗಾಲ ಬಂದರೆ ತೆಗೆದು ಹೊದ್ದುಕೊಳ್ಳಿ. ಒಂದೇ ವಸ್ತುವಿಗೆ ಎರಡು ಹುದ್ದೆ.

ಕೌದಿ ಅಂದ ಮೇಲೆ ಒಂದು ಪ್ರಸ್ತಾಪ ಇಟ್ಟು ಮುಗಿಸುತ್ತೇವೆ. ರಾಜ್ಯೋತ್ಸವದ ವೇದಿಕೆ. ಕಾಲೇಜು ಯಾವುದೇ ಇರಲಿ, ನವೆಂಬರ್ ಬಂತೆಂದರೆ ಥರ್ಮಾಕೋಲಿನ ಹಂಪಿ ರಥ, ಥರ್ಮಾಕೋಲಿನ ಮೈಸೂರು ಅರಮನೆ ಎದ್ದು ನಿಲ್ಲುತ್ತವೆ. ಮೂರು ರಾತ್ರಿ ಕತ್ತರಿಸಿ ಮೂರು ಗಂಟೆ ನಿಲ್ಲಿಸಿ ಮರುದಿನ ಕಸದ ಟ್ರ್ಯಾಕ್ಟರಿಗೆ. ಈ ವರ್ಷ ಆ ಹಣ ಧ್ವನಿವರ್ಧಕಕ್ಕೆ ಉಳಿಯಲಿ, ವೇದಿಕೆಯ ಹಿಂದಿನ ಗೋಡೆ ಪೂರ್ತಿ ನಮ್ಮ ನಿಮ್ಮ ಮನೆಯ ಕೌದಿಗಳಿಂದ ತುಂಬಲಿ ಅನ್ನೋದು ನಮ್ಮ ಕೋರಿಕೆ. ನಮ್ಮ ಸಭಾಂಗಣದ ಪ್ರತಿಧ್ವನಿಗೂ ಅದೇ ಮದ್ದು. ಧಾರವಾಡದ್ದು, ರಾಯಚೂರಿನದ್ದು, ವಿಜಯಪುರದ್ದು ಪಕ್ಕಪಕ್ಕ ತೂಗಲಿ. ಮುಂಡಗೋಡು ಕಡೆಯ ಗೆಳೆಯರು ಕವಂದಿ ಸಿಕ್ಕರೆ ತರಲಿ. ಕೌದಿ ಇಲ್ಲದ ದಕ್ಷಿಣದವರು ಕಂಬಳಿ, ಜಮಖಾನೆ ತಂದರೂ ಸರಿ, ಕೆಳಗೆ ಹಾಸಲು ಬೇಕು. ದಸರಾ ರಜೆ ಮುಗಿಸಿ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬನ್ನಿ. ಅವ್ವನನ್ನು ಕೇಳಿಯೇ ತನ್ನಿ, ಯಾರ ಸೀರೆ ಯಾವ ತುಂಡು ಅಂತ ಅವರಿಂದಲೇ ಕೇಳಿ ಬರೆದುಕೊಂಡು ಬಂದರೆ ಪಕ್ಕದಲ್ಲಿ ಅಂಟಿಸುತ್ತೇವೆ. ಮೂಲೆಯಲ್ಲಿ ಹೆಸರು, ಕೋಣೆ ಸಂಖ್ಯೆ ಬರೆದ ಚೀಟಿಯನ್ನು ಎರಡು ಹೊಲಿಗೆ ಹಾಕಿ ಕೂರಿಸಿ. ಪಿನ್ನು ಬೇಡ, ತುಕ್ಕಿನ ಕಲೆ ಹೋಗಲ್ಲ.